"ಆಯ್ತು" ಅಂದ ಗಳಿಗೆಯಲ್ಲೇ ಕರಾರು

ಮುಂಬಯಿಯ ಹೋಟೆಲ್ ಲೈನಿನಲ್ಲಿ ಇರುವವರಿಗೆ ಕಂಡಕ್ಟಿಂಗ್ ಅಂದರೆ ಏನು ಅಂತ ಬಿಡಿಸಿ ಹೇಳಬೇಕಿಲ್ಲ. ಹೋಟೆಲ್ ಒಬ್ಬರದು, ನಡೆಸುವವರು ಇನ್ನೊಬ್ಬರು. ನಡೆಸುವವರು ಧನಿಗಳಿಗೆ ಡಿಪಾಸಿಟ್ ಕೊಟ್ಟು ತಿಂಗಳಿಗೆ ಇಷ್ಟು ಅಂತ ರಾಯಲ್ಟಿ ಕಟ್ಟುತ್ತಾರೆ. ಗಲ್ಲಾದಲ್ಲಿ ಮಿಕ್ಕಿದ್ದು ಅವರದು. ಘಾಟ್‌ಕೋಪರಿನ ಒಂದು ಹೋಟೆಲ್ ವಿಷಯವಾಗಿ ಇಬ್ಬರ ನಡುವೆ ವಾಟ್ಸಾಪ್‌ನಲ್ಲಿ ಹೀಗೆ ಮಾತಾಯಿತು ಅಂದುಕೊಳ್ಳಿ.

"ಹೋಟೆಲ್ ಕಂಡಕ್ಟಿಂಗ್‌ಗೆ ಕೊಡ್ತಿದ್ದೇನೆ. ತಿಂಗಳಿಗೆ 2 ಲಕ್ಷ, ಡಿಪಾಸಿಟ್ 10 ಲಕ್ಷ, ಮೂರು ವರ್ಷ. ನಿಮಗೆ ಬೇಕಾ?"

"ಧನಿಗಳೇ, 1.80 ಮಾಡಿ. ನಾಳೆಯೇ ಬರ್ತೇನೆ."

ಎರಡು ದಿನ ಧನಿಗಳ ಉತ್ತರವಿಲ್ಲ. ಮೂರನೇ ದಿನ ಈ ಕಡೆಯವರಿಗೆ ತಡೆಯಲಾಗಲಿಲ್ಲ. "ಆಯ್ತು ಧನಿಗಳೇ, 2 ಲಕ್ಷಕ್ಕೇ ಒಪ್ಪಿದೆ" ಅಂತ ಕಳಿಸಿದರು. ಆಗ ಉತ್ತರ ಬಂತು: "ಬೇರೆಯವರಿಗೆ ಕೊಟ್ಟಾಯ್ತು."

ಧನಿಗಳು ಮಾತು ತಪ್ಪಿದರಾ? ಕೇಳಿದವರಲ್ಲಿ ಹೆಚ್ಚಿನವರು ಹೌದು ಅನ್ನುತ್ತಾರೆ. 2 ಲಕ್ಷ ಅಂದವರು ಅವರೇ, ಅದಕ್ಕೇ ಈ ಕಡೆಯವರು ಒಪ್ಪಿದ್ದಾರೆ, ಇನ್ನೇನು? ಕಾನೂನು ಮಾತ್ರ ಇಲ್ಲ ಅನ್ನುತ್ತದೆ. ಕಾರಣ ತಿಳಿದರೆ ಕರಾರಿನ ಕಾನೂನು ಅರ್ಧ ತಿಳಿದ ಹಾಗೆ.

ನಮ್ಮಲ್ಲಿ ಇದಕ್ಕೆಲ್ಲ ಆಧಾರ 1872ರ ಭಾರತೀಯ ಕರಾರು ಕಾಯ್ದೆ. ಬ್ರಿಟಿಷರ ಕಾಲದ್ದು, ಆದರೂ ತಿರುಳು ಇವತ್ತಿಗೂ ಹಾಗೇ ಇದೆ. ಅದರ ಲೆಕ್ಕದಲ್ಲಿ ಒಬ್ಬರು ಪ್ರಸ್ತಾವ ಇಡಬೇಕು, ಇನ್ನೊಬ್ಬರು ಒಪ್ಪಬೇಕು. ಆ ಒಪ್ಪಿಗೆ ಪೂರ್ತಿ ಇರಬೇಕು, ಷರತ್ತು ಇರಬಾರದು ಅನ್ನುತ್ತದೆ 7ನೇ ಸೆಕ್ಷನ್. "1.80 ಮಾಡಿ" ಅಂದಿದ್ದು ಒಪ್ಪಿಗೆಯಲ್ಲ, ಹೊಸ ಪ್ರಸ್ತಾವ. ಹೊಸದು ಬಂದ ಕೂಡಲೇ ಹಳೆಯದು ಸತ್ತಿತು. ಮೂರನೇ ದಿನ 2 ಲಕ್ಷಕ್ಕೆ ಒಪ್ಪಿದೆ ಅಂದಾಗ ಒಪ್ಪಿಕೊಳ್ಳಲು ಅಲ್ಲಿ ಏನೂ ಉಳಿದಿರಲಿಲ್ಲ. ಆ ಸಂದೇಶವೂ ಈ ಕಡೆಯವರ ಮತ್ತೊಂದು ಪ್ರಸ್ತಾವ ಅಷ್ಟೇ, ಧನಿಗಳು ಅದನ್ನು ಬೇಡ ಅಂದರು. ಇಂಗ್ಲೆಂಡಿನಲ್ಲಿ 1840ರಲ್ಲಿ ಒಂದು ಜಮೀನಿನ ಕೇಸು ಹೀಗೇ ಆಗಿತ್ತು. ಮಾರುವವರು 1000 ಪೌಂಡ್ ಅಂದರು, ಕೊಳ್ಳುವವರು 950 ಅಂದರು, ಆಮೇಲೆ 1000ಕ್ಕೇ ಒಪ್ಪಿದೆ ಅಂತ ಬಂದರು. ಕೋರ್ಟು ಕರಾರು ಆಗಿಲ್ಲ ಅಂದಿತು.

ಚೌಕಾಸಿ ಮಾಡಲೇಬಾರದು ಅಂತಲ್ಲ. ಕೇಳುವ ರೀತಿ ಬೇರೆ ಇರಬೇಕು. "ಡಿಪಾಸಿಟ್ ಎರಡು ಕಂತಿನಲ್ಲಿ ಕೊಟ್ಟರೆ ನಡೆಯುತ್ತದಾ?" ಅಂತ ಕೇಳಿದರೆ ಅದು ಬರೀ ವಿಚಾರಣೆ, ಧನಿಗಳ ಪ್ರಸ್ತಾವ ಜೀವಂತವಾಗಿಯೇ ಇರುತ್ತದೆ. "ಕಂತಿನಲ್ಲೇ ಕೊಡೋದು" ಅಂದರೆ ಸತ್ತುಹೋಗುತ್ತದೆ. ಒಂದೆರಡು ಅಕ್ಷರದ ವ್ಯತ್ಯಾಸ. ಕೋರ್ಟಿಗೆ ಹೋದಾಗ ವಕೀಲರು ಕೂದಲು ಸೀಳುವುದು ಇಂಥ ಜಾಗದಲ್ಲೇ.

ಮೌನದ ಬಗ್ಗೆಯೂ ಒಂದು ಮಾತು. ಧನಿಗಳು ಎರಡು ದಿನ ಸುಮ್ಮನಿದ್ದರಲ್ಲ, ಅದನ್ನು 1.80ಕ್ಕೆ ಒಪ್ಪಿದರು ಅಂತ ತಿಳಿಯಬಹುದಾ? ಆಗುವುದಿಲ್ಲ. "ಮೌನಂ ಸಮ್ಮತಿ ಲಕ್ಷಣಂ" ಮದುವೆ ಮಾತುಕತೆಗೆ ಸರಿ, ವ್ಯಾಪಾರಕ್ಕಲ್ಲ. ಹಾಗಾಗಿ "ನಾಳೆಯೊಳಗೆ ಬೇಡ ಅನ್ನದಿದ್ದರೆ ಒಪ್ಪಿದ್ದೀರಿ ಅಂತ ತಿಳಿಯುತ್ತೇನೆ" ಅಂತ ಯಾರಾದರೂ ಕಳಿಸಿದರೆ ಗಾಬರಿ ಬೇಡ. ಉತ್ತರ ಕೊಡಲೇಬೇಕು ಅಂತ ನಿಮ್ಮ ಮೇಲೆ ಹೇರಲು ಅವರಿಗೆ ಅಧಿಕಾರವಿಲ್ಲ.

ಇನ್ನು ಪ್ರಸ್ತಾವ ಅಂತ ಕಾಣುವುದೆಲ್ಲ ಪ್ರಸ್ತಾವವಲ್ಲ. ಮಾಟುಂಗಾದ ಯಾವುದಾದರೂ ಉಡುಪಿ ಹೋಟೆಲಿಗೆ ಹೋಗಿ. ಗೋಡೆಯ ಬೋರ್ಡಿನಲ್ಲಿ ನೀರ್ ದೋಸೆ ಅಂತ ರೇಟಿನ ಸಮೇತ ಬರೆದಿದೆ. ಕೂತು ಆರ್ಡರ್ ಕೊಡುತ್ತೀರಿ. ಸಪ್ಲಯರ್ "ನೀರ್ ದೋಸೆ ಮುಗೀತು ಸಾರ್" ಅನ್ನುತ್ತಾನೆ. ಬೇಜಾರಾಗುತ್ತದೆ ನಿಜ, ಆದರೆ ಯಾರೂ ಯಾವ ಕರಾರನ್ನೂ ಮುರಿದಿಲ್ಲ. ಬೋರ್ಡು ಬರೀ ಕರೆ, ಬನ್ನಿ, ಕೇಳಿ ಅಂತ. ಪ್ರಸ್ತಾವ ಇಟ್ಟವರು ನೀವು, ಒಪ್ಪುವುದು ಬಿಡುವುದು ಹೋಟೆಲಿನವರಿಗೆ ಬಿಟ್ಟದ್ದು. ಸೆಲ್ಫ್ ಸರ್ವಿಸ್ ಹೋಟೆಲಾದರೆ ಬೇರೆ. ಗಲ್ಲಾದಲ್ಲಿ ದುಡ್ಡು ತೆಗೆದುಕೊಂಡು ಕೂಪನ್ ಕೈಗೆ ಕೊಟ್ಟರೆ ಒಪ್ಪಿಗೆ ಅಲ್ಲೇ ಆಯಿತು. ಆಮೇಲೆ ಮುಗೀತು ಅಂದರೆ ಸಾಲದು, ದುಡ್ಡು ವಾಪಸ್ ಕೊಡಲೇಬೇಕು. ಅಂಗಡಿಯ ಶೋಕೇಸು, ಪತ್ರಿಕೆಯ ಜಾಹೀರಾತು, ಬ್ರೋಕರ್ ಕಳಿಸುವ ಫ್ಲ್ಯಾಟಿನ ಫೋಟೋ, ಇವೆಲ್ಲ ಬೋರ್ಡಿನ ಜಾತಿಗೇ ಸೇರಿದವು.

ಬಹುಮಾನದ ಜಾಹೀರಾತು ಮಾತ್ರ ಹಾಗಲ್ಲ. "ಕಳೆದುಹೋದ ನಾಯಿ ಹುಡುಕಿಕೊಟ್ಟವರಿಗೆ 5000" ಅಂತ ಹಾಕಿದರೆ ಹುಡುಕಿಕೊಟ್ಟಿದ್ದೇ ಒಪ್ಪಿಗೆ. ಆದರೆ ಹುಡುಕಿಕೊಟ್ಟವರಿಗೆ ಬಹುಮಾನದ ವಿಷಯ ಗೊತ್ತಿರಬೇಕು. 1913ರ ಅಲಹಾಬಾದ್ ಹೈಕೋರ್ಟಿನ ಕೇಸು ಕಾನೂನು ಓದಿದವರಿಗೆಲ್ಲ ಬಾಯಿಪಾಠ. ಕಾನ್ಪುರದ ಒಬ್ಬರ ಮನೆಯ ಹುಡುಗ ಕಾಣೆಯಾದ. ಅವರ ಮುನೀಮ (ಲೆಕ್ಕ ಬರೆಯುವವ) ಹುಡುಕಲು ಹರಿದ್ವಾರಕ್ಕೆ ಹೋದ. ಆತ ಆ ಕಡೆ ಹೋದ ಮೇಲೆ ಯಜಮಾನರು 501 ರೂಪಾಯಿ ಬಹುಮಾನ ಅಂತ ಕರಪತ್ರ ಹಂಚಿದರು. ಹುಡುಗನನ್ನು ಪತ್ತೆ ಮಾಡಿದ್ದು ಮುನೀಮನೇ. ಆದರೂ 501 ರೂಪಾಯಿ ಸಿಗಲಿಲ್ಲ. ಗೊತ್ತೇ ಇಲ್ಲದ ಪ್ರಸ್ತಾವವನ್ನು ಒಪ್ಪುವುದು ಹೇಗೆ ಅಂತ ಕೋರ್ಟು ಕೇಳಿತು. ನ್ಯಾಯವಾ ಅಂತ ನನಗೆ ಇವತ್ತಿಗೂ ಅನುಮಾನ, ತರ್ಕ ಮಾತ್ರ ಗಟ್ಟಿ.

ಕರಾರು ಎಲ್ಲಿ ಹುಟ್ಟಿತು ಅನ್ನುವುದಕ್ಕೂ ಬೆಲೆ ಇದೆ. ವಾಶಿ ಮಾರ್ಕೆಟ್ಟಿನ ವ್ಯಾಪಾರಿಯೊಬ್ಬರು ತಿಪಟೂರಿಗೆ ಫೋನ್ ಮಾಡಿ ಇಂಥ ರೇಟಿಗೆ 50 ಚೀಲ ಕೊಬ್ಬರಿ ಕಳಿಸಿ ಅಂದರು. ಆ ಕಡೆಯಿಂದ "ಆಯ್ತು, ಕಳಿಸ್ತೇನೆ" ಅಂತ ಉತ್ತರ. ಮಾಲು ಬರಲಿಲ್ಲ. ಕೇಸು ಹಾಕುವುದು ತಿಪಟೂರಿನಲ್ಲಾ, ಇಲ್ಲೇನಾ? ಸುಪ್ರೀಂ ಕೋರ್ಟು 1965ರಲ್ಲೇ ಇದನ್ನು ತೀರ್ಮಾನ ಮಾಡಿದೆ. ಆಗಿನ ಜಗಳ ಅಹಮದಾಬಾದಿನ ವ್ಯಾಪಾರಿಗೂ ವಿದರ್ಭದ ಖಾಮಗಾಂವ್‌ನ ಜಿನ್ನಿಂಗ್ (ಹತ್ತಿಯಿಂದ ಬೀಜ ಬಿಡಿಸುವ) ಫ್ಯಾಕ್ಟರಿಗೂ ನಡುವಿನದು, ಹತ್ತಿಬೀಜದ ಹಿಂಡಿಗಾಗಿ. ಫೋನಿನಲ್ಲಿ ಆದ ಕರಾರು ಒಪ್ಪಿಗೆಯ ಮಾತು ಯಾವ ಊರಿನಲ್ಲಿ ಕೇಳಿಸಿತೋ ಅಲ್ಲಿ ಹುಟ್ಟುತ್ತದೆ ಅಂದಿತು ಕೋರ್ಟು. ಅಂದರೆ ಪ್ರಸ್ತಾವ ಇಟ್ಟು ಫೋನು ಹಿಡಿದು ಕೂತವರ ಊರು. ನಮ್ಮ ವಾಶಿಯ ವ್ಯಾಪಾರಿ ತಿಪಟೂರಿಗೆ ಅಲೆಯಬೇಕಿಲ್ಲ.

ಅಂಚೆಯ ಲೆಕ್ಕ ಬೇರೆ. ಒಪ್ಪಿಗೆಯ ಕಾಗದ ಡಬ್ಬಿಗೆ ಬಿದ್ದ ಕೂಡಲೇ ಪ್ರಸ್ತಾವ ಇಟ್ಟವರು ಸಿಕ್ಕಿಬಿದ್ದರು, ಕಾಗದ ಹಾಕಿದವರು ಮಾತ್ರ ಅದು ತಲುಪುವ ತನಕ ಮನಸ್ಸು ಬದಲಾಯಿಸಬಹುದು. ಈಗ ಕಾಗದ ಯಾರು ಬರೆಯುತ್ತಾರೆ ಅಂತ ಬಿಟ್ಟುಬಿಡೋಣ.

ಇಮೇಲ್, ವಾಟ್ಸಾಪ್‌ನಲ್ಲಿ ಆದ ಕರಾರಿಗೆ ಬೆಲೆ ಇದೆಯಾ? ಇದೆ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 10ಎ ಸೆಕ್ಷನ್ ಹಾಗೆಂದೇ ಹೇಳುತ್ತದೆ. 2010ರಲ್ಲಿ ಬಾಕ್ಸೈಟ್ ಸರಬರಾಜಿನ ಒಂದು ಕೇಸಿನಲ್ಲಿ ಎರಡು ಕಂಪನಿಗಳು ಇಮೇಲಿನಲ್ಲೇ ಎಲ್ಲ ಮುಗಿಸಿದ್ದವು. ಆಮೇಲೆ ಒಂದು ಕಂಪನಿ, ಇನ್ನೂ ಪಕ್ಕಾ ಕರಾರು ಪತ್ರಕ್ಕೆ ಸಹಿ ಬಿದ್ದಿಲ್ಲವಲ್ಲ ಅಂತ ಜಾರಿಕೊಳ್ಳಲು ನೋಡಿತು. ಮುಖ್ಯ ವಿಷಯಗಳಿಗೆಲ್ಲ ಒಪ್ಪಿಗೆ ಆಗಿದ್ದರೆ ಕರಾರು ಆಗಿದೆ, ಪತ್ರ ಆಮೇಲಿನ ಮಾತು ಅಂದಿತು ಸುಪ್ರೀಂ ಕೋರ್ಟು. ಹಾಗಾಗಿ ಸಹಿ ಹಾಕಿಲ್ಲ ಅನ್ನುವ ಧೈರ್ಯದ ಮೇಲೆ "ಓಕೆ ಡನ್" ಅಂತ ಬೆರಳು ಒತ್ತುವವರು ಸ್ವಲ್ಪ ನಿಧಾನಿಸಬೇಕು. ಬರವಣಿಗೆಯಲ್ಲಿ ಆಗುವ ತನಕ ನಾನು ಕಟ್ಟುಬಿದ್ದಿಲ್ಲ ಅನ್ನುವುದಿದ್ದರೆ ಅದನ್ನೇ ಅಲ್ಲಿ ಟೈಪ್ ಮಾಡಿ.

ಸರಿ, ಒಬ್ಬರು ಅಂದರು, ಇನ್ನೊಬ್ಬರು ಒಪ್ಪಿದರು. ಅಷ್ಟಕ್ಕೇ ಕರಾರು ಆಗುವುದಿಲ್ಲ. ಪ್ರತಿಫಲ ಬೇಕು. ಕೊಡುವವರಿಗೂ ಏನಾದರೂ ಬರಬೇಕು, ಇಲ್ಲವೇ ಅವರು ಕೇಳಿದ್ದನ್ನು ಎದುರಿನವರು ಮಾಡಿರಬೇಕು. "ನಿನ್ನ ಮಗಳ ಕಾಲೇಜಿನ ಫೀಸು ನಾನು ಕಟ್ಟುತ್ತೇನೆ" ಅಂತ ಸೋದರಮಾವ ಊಟಕ್ಕೆ ಕೂತಾಗ ಹೇಳಿದರೆ ಅದು ಪ್ರೀತಿಯ ಮಾತು, ಕೋರ್ಟಿನಲ್ಲಿ ನಿಲ್ಲುವುದಿಲ್ಲ. ಹತ್ತಿರದ ಸಂಬಂಧಿಗಳು ಪ್ರೀತಿಯಿಂದ ಕೊಟ್ಟ ಮಾತನ್ನು ಬರೆದು ರಿಜಿಸ್ಟರ್ ಮಾಡಿಸಿದ್ದರೆ ಆ ಮಾತು ಬೇರೆ.

ನಮ್ಮ ಸಂಘಗಳ ಕಡೆ ಒಂದು ದೃಶ್ಯ ಎಲ್ಲರಿಗೂ ಗೊತ್ತು. ವಾರ್ಷಿಕೋತ್ಸವ ನಡೆಯುತ್ತಿದೆ, ಕಟ್ಟಡ ನಿಧಿಯ ಮಾತು ಬರುತ್ತದೆ. ಶಾಲು, ಪೇಟ, ಹಾರ ಆದ ಮೇಲೆ ಅತಿಥಿಗಳು ಮೈಕಿನ ಮುಂದೆ "ನನ್ನ ಕಡೆಯಿಂದ ಒಂದು ಲಕ್ಷ" ಅನ್ನುತ್ತಾರೆ. ಚಪ್ಪಾಳೆ. ಆರು ತಿಂಗಳಾದರೂ ಚೆಕ್ಕಿಲ್ಲ. ಸಂಘದವರು ವಸೂಲಿ ಮಾಡಬಹುದಾ?

ಉತ್ತರ ಅತಿಥಿಗಳ ಮೇಲಲ್ಲ, ಸಂಘ ಆಮೇಲೆ ಏನು ಮಾಡಿತು ಅನ್ನುವುದರ ಮೇಲೆ ನಿಂತಿದೆ. 1886ರಲ್ಲಿ ಹೌರಾದಲ್ಲಿ ಟೌನ್ ಹಾಲ್ ಕಟ್ಟಲು ಚಂದಾ ಎತ್ತಿದರು. ಒಬ್ಬರು 100 ರೂಪಾಯಿ ಬರೆಸಿದರು. ಆ ಪಟ್ಟಿಯ ಭರವಸೆಯ ಮೇಲೆ ಪುರಸಭೆಯ ಕಮಿಷನರುಗಳು ಕಂಟ್ರಾಕ್ಟರಿಗೆ ಕೆಲಸ ಒಪ್ಪಿಸಿದರು. ಆಮೇಲೆ ಚಂದಾ ಬರೆಸಿದಾತ ಕೊಡುವುದಿಲ್ಲ ಅಂದ. ನಿನ್ನ ಮಾತು ನಂಬಿ ಅವರು ಹೊಣೆ ಹೊತ್ತಿದ್ದಾರೆ, ಕೊಡು ಅಂದಿತು ಕಲ್ಕತ್ತಾ ಹೈಕೋರ್ಟು. 1914ರಲ್ಲಿ ಅಲಹಾಬಾದಿನಲ್ಲಿ ಮಸೀದಿ ರಿಪೇರಿಗೆ 500 ರೂಪಾಯಿ ಕೊಡುತ್ತೇನೆ ಅಂದವರ ಕೇಸು ಬಂತು. ಅಲ್ಲಿ ಆ ಮಾತು ನಂಬಿ ಯಾರೂ ಏನೂ ಮಾಡಿರಲಿಲ್ಲ, ಒಂದು ಇಟ್ಟಿಗೆಯೂ ಕದಲಿರಲಿಲ್ಲ. ವಸೂಲಿ ಆಗಲಿಲ್ಲ. ಎಂದರೆ, ಮೈಕಿನ ಮಾತಿಗೆ ಬೆಲೆ ಬರುವುದು ಅದನ್ನು ನಂಬಿ ಕಂಟ್ರಾಕ್ಟರಿಗೆ ಅಡ್ವಾನ್ಸ್ ಹೋದಾಗ. ಸಂಘದ ಕಾರ್ಯದರ್ಶಿಗಳು ಇದನ್ನು ನೆನಪಿಟ್ಟುಕೊಂಡರೆ ಒಳ್ಳೆಯದು. ದಾನಿಗಳು ಇನ್ನೂ ಜಾಸ್ತಿ.

ಯಾರು ಕರಾರು ಮಾಡಬಹುದು ಅನ್ನುವುದು ಸುಲಭ. 18 ತುಂಬಿರಬೇಕು, ಬುದ್ಧಿ ಸ್ಥಿಮಿತದಲ್ಲಿರಬೇಕು, ಬೇರೆ ಯಾವ ಕಾನೂನೂ ಅಡ್ಡಿ ಬರಬಾರದು. 18 ಆಗದವರ ಜೊತೆ ಮಾಡಿದ ಕರಾರು ಕರಾರೇ ಅಲ್ಲ ಅಂತ 1903ರಲ್ಲಿ ಮೋಹರಿ ಬೀಬಿ ಕೇಸಿನಲ್ಲಿ ಪ್ರಿವಿ ಕೌನ್ಸಿಲ್ (ಆಗ ನಮಗೆ ಲಂಡನ್ನಿನಲ್ಲಿದ್ದ ಕೊನೆಯ ಕೋರ್ಟು) ಹೇಳಿತು. ಅಲ್ಲಿ ಸಾಲ ಕೊಟ್ಟವರಿಗೆ ಅಡಮಾನವೂ ಹೋಯಿತು, ದುಡ್ಡೂ ಬರಲಿಲ್ಲ.

ಒಪ್ಪಿಗೆ ಮನಸ್ಸಿನಿಂದ ಬಂದಿರಬೇಕು ಅನ್ನುವುದೂ ಅಷ್ಟೇ ಮುಖ್ಯ. ಹೆದರಿಸಿ, ಮೋಸದಿಂದ, ಸುಳ್ಳು ವಿವರ ಕೊಟ್ಟು ಪಡೆದ ಸಹಿಯನ್ನು ಹಾಕಿದವರು ರದ್ದು ಮಾಡಿಸಬಹುದು. ಗಮನಿಸಿ, ಇಂಥ ಕರಾರು ತಾನಾಗಿ ಬಿದ್ದುಹೋಗುವುದಿಲ್ಲ, ಮೋಸಹೋದವರು ಬೇಡ ಅನ್ನುವ ತನಕ ಬದುಕಿರುತ್ತದೆ. ಹೋಟೆಲಿನ ದಿನದ ವ್ಯಾಪಾರ 60 ಸಾವಿರ ಅಂತ ನಕಲಿ ಪುಸ್ತಕ ತೋರಿಸಿ ಕಂಡಕ್ಟಿಂಗ್‌ಗೆ ಕೊಟ್ಟಿದ್ದು ಎರಡನೇ ತಿಂಗಳಿಗೇ ಗೊತ್ತಾಯಿತು ಅನ್ನಿ. ಗೊತ್ತಾದ ಮೇಲೂ ವರ್ಷಗಟ್ಟಲೆ ಸುಮ್ನೆ ನಡೆಸಿಕೊಂಡು ಹೋಗಿ ಆಮೇಲೆ ಮೋಸ ಅಂದರೆ ಯಾರು ಕೇಳುತ್ತಾರೆ?

ಕೆಲವು ಷರತ್ತುಗಳನ್ನು ಇಬ್ಬರೂ ಮನಸಾರೆ ಒಪ್ಪಿ ಬರೆದರೂ ಕಾನೂನು ಒಪ್ಪುವುದಿಲ್ಲ. ನಮ್ಮವರಿಗೆ ಜಾಸ್ತಿ ಎದುರಾಗುವುದು 27ನೇ ಸೆಕ್ಷನ್. ಯಾರೂ ಯಾರ ಹೊಟ್ಟೆಪಾಡನ್ನೂ ಕಟ್ಟಿಹಾಕುವಂತಿಲ್ಲ. "ಇಲ್ಲಿ ಬಿಟ್ಟ ಮೇಲೆ ಎರಡು ವರ್ಷ ಬೇರೆ ಕಂಪನಿ ಸೇರಬಾರದು" ಅಂತ ಐರೋಲಿಯ ಐಟಿ ಕಂಪನಿ ಬರೆಸಿಕೊಂಡರೂ, "ನನ್ನ ಹೋಟೆಲ್ ಬಿಟ್ಟ ಭಟ್ಟರು ಇದೇ ರಸ್ತೆಯಲ್ಲಿ ಕೆಲಸ ಮಾಡಬಾರದು" ಅಂತ ಧನಿಗಳು ಬರೆಸಿಕೊಂಡರೂ ಒಂದೇ. ಕೆಲಸ ಬಿಟ್ಟ ಮೇಲೆ ಅಂಥ ಷರತ್ತು ನಿಲ್ಲುವುದಿಲ್ಲ. ಹೋಟೆಲನ್ನು ಗುಡ್‌ವಿಲ್ (ಅದರ ಹೆಸರು, ಗಿರಾಕಿಗಳ ನಂಬಿಕೆ) ಸಮೇತ ಮಾರಿದವರು ಪಕ್ಕದಲ್ಲೇ ಇನ್ನೊಂದು ತೆರೆಯಬಾರದು ಅನ್ನುವ ಷರತ್ತು ಮಿತಿಯಲ್ಲಿದ್ದರೆ ನಿಲ್ಲುತ್ತದೆ, ಅದೊಂದು ವಿನಾಯಿತಿ.

ಕೆಲಸದ ಅವಧಿಯ ಒಳಗಿನ ಕಥೆ ಬೇರೆ. ಕಲ್ಯಾಣದ ಟೈರ್ ಕಾರ್ಡ್ (ಟೈರಿನೊಳಗಿನ ನೂಲು) ಫ್ಯಾಕ್ಟರಿಯ ಶಿಫ್ಟ್ ಸೂಪರ್‌ವೈಸರ್ ಒಬ್ಬರು ಐದು ವರ್ಷದ ಕರಾರನ್ನು ನಡುವೆಯೇ ಬಿಟ್ಟು ಎದುರಾಳಿ ಕಂಪನಿಗೆ ಹೋದಾಗ, ಆ ಅವಧಿ ಮುಗಿಯುವ ತನಕ ಅಲ್ಲಿ ದುಡಿಯುವಂತಿಲ್ಲ ಅಂತ 1967ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಬಾಂಡ್ ವಿಷಯದಲ್ಲಿ ಹೊಸ ತೀರ್ಪೂ ಇದೆ, ಅದೂ ನಮ್ಮ ವಿಜಯಾ ಬ್ಯಾಂಕಿನದು. 1931ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಬ್ಯಾಂಕು, ಈಗ ಬ್ಯಾಂಕ್ ಆಫ್ ಬರೋಡಾದೊಳಗೆ ಸೇರಿಹೋಗಿದೆ. ಮೂರು ವರ್ಷಕ್ಕೆ ಮುಂಚೆ ಬಿಟ್ಟರೆ 2 ಲಕ್ಷ ಕಟ್ಟಬೇಕು ಅನ್ನುವ ಅದರ ಷರತ್ತು ಸರಿ ಅಂತ 2025ರಲ್ಲಿ ಸುಪ್ರೀಂ ಕೋರ್ಟು ಎತ್ತಿಹಿಡಿಯಿತು. ಬೇರೆ ಕಡೆ ಸೇರಬೇಡ ಅಂತ ಅದು ಅನ್ನಲಿಲ್ಲ, ಹೋಗುವುದಾದರೆ ಇಷ್ಟು ಕಟ್ಟಿ ಹೋಗು ಅಂದಿತು, ಹಾಗಾಗಿ 27ನೇ ಸೆಕ್ಷನ್ ಅಡ್ಡ ಬರಲಿಲ್ಲ.

ಈಗ ಬಾಂಡ್ ಪೇಪರ್ ಭಕ್ತಿಗೆ ಬರೋಣ. ಸ್ಟ್ಯಾಂಪ್ ಪೇಪರಿನ ಮೇಲೆ ಬರೆದರೇ ಕರಾರು, ನೋಟರಿ ಮೊಹರು ಬಿದ್ದರೆ ಬ್ರಹ್ಮನೂ ಅಲ್ಲಾಡಿಸಲಾರ ಅನ್ನುವ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ಸ್ಟ್ಯಾಂಪ್ ಸರ್ಕಾರಕ್ಕೆ ಕಟ್ಟುವ ಸುಂಕ. ಕಟ್ಟದಿದ್ದರೆ, ಸುಂಕವನ್ನೂ ದಂಡವನ್ನೂ ಕಟ್ಟುವ ತನಕ ಆ ಕಾಗದವನ್ನು ಕೋರ್ಟು ಸಾಕ್ಷಿಯಾಗಿ ತೆಗೆದುಕೊಳ್ಳುವುದಿಲ್ಲ. ಕರಾರು ಹುಟ್ಟುವುದಕ್ಕೂ ಅದಕ್ಕೂ ಸಂಬಂಧವಿಲ್ಲ. ಅಂದಹಾಗೆ ಮಹಾರಾಷ್ಟ್ರದಲ್ಲಿ ನೂರು ರೂಪಾಯಿ ಬಾಂಡಿನ ಕಾಲ ಮುಗಿದಿದೆ, 2024ರ ಅಕ್ಟೋಬರಿನಿಂದ ಅದರ ಜಾಗದಲ್ಲಿ 500 ಬಂದಿದೆ. ಬಾಯಿಮಾತಿನ ಕರಾರಿನ ತೊಂದರೆ ಬೇರೆ, ಸಾಬೀತು ಮಾಡುವುದು ಕಷ್ಟ.

ಆದರೆ ಬರವಣಿಗೆ ಇಲ್ಲದೆ ನಡೆಯದ ಜಾಗಗಳೂ ಇವೆ. ಮುಂಬಯಿಗೆ ಬಂದ ಕನ್ನಡಿಗರು ಮೊದಲು ಎಡವುವುದು ಬಾಡಿಗೆ ಮನೆಯಲ್ಲಿ. ಬೆಂಗಳೂರಿನಲ್ಲಿ 11 ತಿಂಗಳ ಪತ್ರ ಬರೆದು ರಿಜಿಸ್ಟ್ರೇಷನ್ ಇಲ್ಲದೆ ದಿನ ಕಳೆದವರು ಇಲ್ಲಿಯೂ ಅದೇ ಸಾಕು ಅಂದುಕೊಳ್ಳುತ್ತಾರೆ. ವರ್ಷ ಮೀರಿದ ಬಾಡಿಗೆಗೆ ಮಾತ್ರ ರಿಜಿಸ್ಟ್ರೇಷನ್ ಅನ್ನುವ 1908ರ ಕಾಯ್ದೆಯಿಂದ ಬಂದ ರೂಢಿ ಅದು. ಮಹಾರಾಷ್ಟ್ರದ 1999ರ ಬಾಡಿಗೆ ಕಾಯ್ದೆಯ 55ನೇ ಸೆಕ್ಷನ್ ಪ್ರಕಾರ ಲೀವ್ ಅಂಡ್ ಲೈಸೆನ್ಸ್ ಕರಾರು (ಜಾಗದ ಹಕ್ಕು ಕೊಡದೆ ಬಳಸಲು ಅನುಮತಿ ಮಾತ್ರ ಕೊಡುವುದು) 11 ತಿಂಗಳದ್ದಾದರೂ ಬರೆದಿರಲೇಬೇಕು, ರಿಜಿಸ್ಟರ್ ಆಗಿರಲೇಬೇಕು. ಮಾಡಿಸುವ ಹೊಣೆ ಮನೆ ಮಾಲೀಕರದು. ಮಾಡಿಸದಿದ್ದರೆ ಮೂರು ತಿಂಗಳ ತನಕ ಜೈಲು, 5000 ರೂಪಾಯಿ ತನಕ ದಂಡ, ಅಥವಾ ಎರಡೂ. ಅದಕ್ಕಿಂತ ಚುರುಕಾದ ಏಟು ಇನ್ನೊಂದಿದೆ. ಜಗಳ ಬಂದಾಗ ಷರತ್ತು ಏನಿತ್ತು ಅನ್ನುವುದರಲ್ಲಿ ಬಾಡಿಗೆದಾರರ ಮಾತೇ ನಡೆಯುತ್ತದೆ, ಬೇರೆ ಅಂತ ಸಾಬೀತಾಗುವ ತನಕ. ಡಿಪಾಸಿಟ್ 1 ಲಕ್ಷ ಕೊಟ್ಟಿದ್ದೆ ಅಂತ ಅವರು ಅಂದರೆ, ಅಲ್ಲ 50 ಸಾವಿರ ಅಂತ ತೋರಿಸುವ ಕಷ್ಟ ಮಾಲೀಕರದು. ಬಾಡಿಗೆದಾರರೂ ಹಿಗ್ಗಬೇಕಿಲ್ಲ. ಅವಧಿ ಮುಗಿದ ಮೇಲೂ ಬಿಡದೆ ಕೂತರೆ 24ನೇ ಸೆಕ್ಷನ್ ಎರಡು ಪಟ್ಟು ಬಾಡಿಗೆ ಕಟ್ಟಿಸುತ್ತದೆ.

ಹೊಸ ಕಟ್ಟಡದ ಫ್ಲ್ಯಾಟ್ ಬುಕ್ ಮಾಡುವವರಿಗೂ ಹೀಗೇ. ರಿಜಿಸ್ಟರ್ ಆದ ಮಾರಾಟ ಕರಾರು ಇಲ್ಲದೆ ಬಿಲ್ಡರ್ ಬೆಲೆಯ 10 ಶೇಕಡಾಕ್ಕಿಂತ ಜಾಸ್ತಿ ತೆಗೆದುಕೊಳ್ಳುವಂತಿಲ್ಲ ಅನ್ನುತ್ತದೆ ಬಿಲ್ಡರುಗಳಿಗೆ ಲಗಾಮು ಹಾಕುವ 2016ರ ರೇರಾ ಕಾಯ್ದೆಯ 13ನೇ ಸೆಕ್ಷನ್.

ಕಂಡಕ್ಟಿಂಗ್ ಕರಾರಿಗೂ ಮುಂಬಯಿಯದೇ ಒಂದು ಇತಿಹಾಸವಿದೆ. 1973ರಲ್ಲಿ ಬಾಂಬೆ ಬಾಡಿಗೆ ಕಾಯ್ದೆಗೆ ತಿದ್ದುಪಡಿ ಬಂತು. ಆ ವರ್ಷ ಫೆಬ್ರವರಿ 1ರಂದು ಲೈಸೆನ್ಸ್ ಮೇಲೆ ಜಾಗದಲ್ಲಿದ್ದವರೆಲ್ಲ ಬಾಡಿಗೆದಾರರಾಗಿಬಿಟ್ಟರು, ಅವರನ್ನು ಎಬ್ಬಿಸುವುದು ಅಸಾಧ್ಯದ ಮಾತಾಯಿತು. ಆದರೆ ಲೈಸೆನ್ಸಿ ಯಾರು ಅನ್ನುವ ವ್ಯಾಖ್ಯೆಯಿಂದ, ಮಾಲೀಕರ ನಡೆಯುತ್ತಿರುವ ವ್ಯಾಪಾರವನ್ನು ನಡೆಸುವವರನ್ನು ಹೊರಗಿಟ್ಟಿದ್ದರು. ಈಗಿನ ಕಾಯ್ದೆಯಲ್ಲೂ ಹಾಗೇ ಇದೆ. ಧನಿಗಳಿಗೆ ಕಂಡಕ್ಟಿಂಗ್ ಯಾಕೆ ಪ್ರೀತಿ ಅಂತ ಈಗ ತಿಳಿಯಿತಲ್ಲ? ಜಾಗವನ್ನು ಕೊಟ್ಟೆ ಅಂದರೆ ಹೋಯಿತು, ವ್ಯಾಪಾರ ನಡೆಸಲು ಕೊಟ್ಟೆ ಅಂದರೆ ಉಳಿಯಿತು.

ಪತ್ರದ ಮೇಲೆ ಕಂಡಕ್ಟಿಂಗ್ ಅಂತ ಬರೆದರೆ ಕೆಲಸ ಮುಗಿಯಲಿಲ್ಲ. ದೆಹಲಿಯ ಇಂಪೀರಿಯಲ್ ಹೋಟೆಲಿನೊಳಗೆ ಕ್ಷೌರದ ಅಂಗಡಿಗೆ ಕೊಟ್ಟ ಜಾಗದ ಕೇಸಿನಲ್ಲಿ, ಪತ್ರದ ಹೆಸರನ್ನಲ್ಲ ತಿರುಳನ್ನು ನೋಡಬೇಕು ಅನ್ನುವ ತತ್ವವನ್ನು ಸುಪ್ರೀಂ ಕೋರ್ಟು 1959ರಲ್ಲೇ ಹಾಕಿಕೊಟ್ಟಿತು. ಬಂದು ಶಟರ್ ಎತ್ತಿದಾಗ ಹೋಟೆಲ್ ನಡೆಯುತ್ತಿತ್ತಾ, ಇಲ್ಲ ಖಾಲಿ ಗೋಡೆಯಾ? ಫುಡ್ ಲೈಸೆನ್ಸ್ ಯಾರ ಹೆಸರಲ್ಲಿದೆ? ಪಾತ್ರೆ, ಗ್ರೈಂಡರ್, ಫ್ರಿಜ್ಜು ಯಾರವು? ಬೀಗದ ಕೈ ಯಾರ ಹತ್ತಿರ? ಕೋರ್ಟು ಕೇಳುವುದು ಇಂಥ ಪ್ರಶ್ನೆಗಳನ್ನು. ಧನಿಗಳೇ ಪಗಡಿ ಜಾಗದಲ್ಲಿದ್ದರೆ (ಒಂದೇ ಸಲ ದೊಡ್ಡ ಮೊತ್ತ ಕೊಟ್ಟು ಹಿಡಿದ ಹಳೇ ಬಾಡಿಗೆ ಜಾಗ) ಅವರ ಮೇಲಿರುವ ಕಟ್ಟಡದ ಮಾಲೀಕರೂ ಇದರಲ್ಲಿ ತಲೆಹಾಕುತ್ತಾರೆ.

ಇಷ್ಟಾದ ಮೇಲೂ ಯಾರೋ ಮಾತು ತಪ್ಪುತ್ತಾರೆ. ಆಗ ಸಿಗುವುದು ನಿಜವಾಗಿ ಆದ ನಷ್ಟ, ಅದೂ ಆ ತಪ್ಪಿನಿಂದ ಸಹಜವಾಗಿ ಬಂದಿದ್ದು, ಇಲ್ಲವೇ ಹೀಗಾಗಬಹುದು ಅಂತ ಇಬ್ಬರಿಗೂ ಮೊದಲೇ ಗೊತ್ತಿದ್ದದ್ದು. ಮನಸ್ಸಿಗಾದ ನೋವಿಗೆ ಸಾಮಾನ್ಯವಾಗಿ ಏನೂ ಇಲ್ಲ. "ಮುರಿದರೆ 10 ಲಕ್ಷ ದಂಡ" ಅಂತ ಪತ್ರದಲ್ಲಿ ಬರೆದಿದ್ದರೂ ಕೋರ್ಟು ಕಣ್ಣುಮುಚ್ಚಿ ಕೊಡಿಸುವುದಿಲ್ಲ. 74ನೇ ಸೆಕ್ಷನ್ ಪ್ರಕಾರ ಆ ಮೊತ್ತ ಗರಿಷ್ಠ ಮಿತಿ, ಸಿಗುವುದು ಅದರೊಳಗೆ ನ್ಯಾಯ ಅನ್ನಿಸಿದಷ್ಟು. ಲಾಕ್-ಇನ್ (ಇಷ್ಟು ಕಾಲ ಬಿಟ್ಟುಹೋಗುವಂತಿಲ್ಲ ಅನ್ನುವ ಷರತ್ತು) ಅಂತ ಹೇಳಿ ಪೂರ್ತಿ ಡಿಪಾಸಿಟ್ ಮುರಿದುಕೊಳ್ಳುವವರಿಗೆ ಈ ಮಾತು ಕೇಳಿಸಬೇಕು.

ವಸೂಲಿಗೆ ಹೋಗುವುದಿದ್ದರೆ ಸಾಮಾನ್ಯವಾಗಿ ಮೂರು ವರ್ಷದೊಳಗೆ ಹೋಗಬೇಕು, 1963ರ ಕಾಲಮಿತಿ ಕಾಯ್ದೆ ಅಷ್ಟೇ ಅವಕಾಶ ಕೊಡುತ್ತದೆ. ಅಷ್ಟರೊಳಗೆ ಎದುರಿನವರು ಬಾಕಿ ಇದೆ ಅಂತ ಬರೆದು ಸಹಿ ಹಾಕಿದರೆ ಅಂದಿನಿಂದ ಹೊಸದಾಗಿ ಮೂರು ವರ್ಷ. ಮೂರು ವರ್ಷ ದಾಟಿದ ಮೇಲೆ, ಬಾಕಿ ಇರುವುದು ಹೌದು ಅಂತ ಬರೆದುಕೊಟ್ಟರೂ ಸಾಲದು, ಕೊಡುತ್ತೇನೆ ಅಂತ ಬರೆದು ಸಹಿ ಹಾಕಬೇಕು. ಹಳೇ ಬಾಕಿಗೆ "ದೀಪಾವಳಿಗೆ ಖಂಡಿತ ಕೊಡ್ತೇನೆ" ಅಂತ ಫೋನಿನಲ್ಲಿ ಎಷ್ಟು ಸಲ ಅಂದರೂ ಲೆಕ್ಕಕ್ಕಿಲ್ಲ.